ಸೈಕಲ್ ಸ್ಟೇಜ್ ರೇಸಿನ ಬೆಟ್ಟಿಂಗ್ ದರ ಅಳೆಯುವುದು ಹೇಗೆ: ಜನವರಿಯಿಂದ ಮಾರ್ಚ್‌ವರೆಗಿನ ರೇಸ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಸ್ಟೇಜ್ ರೇಸ್ ಎಂದರೆ ಹಲವು ದಿನ, ದಿನಕ್ಕೊಂದು ಸ್ಟೇಜ್ ಓಡಿ, ಒಟ್ಟು ಸಮಯ ಕಡಿಮೆ ಇದ್ದವನು ಗೆಲ್ಲುವ ರೇಸ್. ಮಾರ್ಚ್ ತಿಂಗಳಲ್ಲಿ ಫ್ರಾನ್ಸಿನಲ್ಲಿ ನಡೆಯುವ ಅಂಥ ರೇಸ್ ಪ್ಯಾರಿಸ್–ನೀಸ್ ಹತ್ತಿರ ಬಂತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಸೈಕ್ಲಿಂಗ್ ನೋಡುಗರು ಮೂರು ಕಡೆ ಎಡವುತ್ತಾರೆ. ದರಪಟ್ಟಿಯಲ್ಲಿ ಯಾರ ಮುಂದೆ ಚಿಕ್ಕ ಅಂಕಿ ಇದೆಯೋ ಅವನೇ ಗೆಲ್ಲುತ್ತಾನೆ ಎಂದು ನಂಬುವುದು ಒಂದು. ಆ ಅಂಕಿಯನ್ನು ಕ್ರಿಕೆಟ್ ಬುಕ್ಕಿಗಳ ಪೈಸೆ ಲೆಕ್ಕದಲ್ಲಿ ಓದಿಬಿಡುವುದು ಇನ್ನೊಂದು. ಮೂರನೆಯದು ಎರಡಕ್ಕಿಂತ ದೊಡ್ಡದು: ದರ ಮೊದಲು ನೋಡಿ, ಆಮೇಲೆ ಅದಕ್ಕೆ ಹೊಂದುವ ಕಾರಣ ಹುಡುಕುವುದು. ಕೆಳಗಿನ ಹಂತಗಳನ್ನು ಈ ಕ್ರಮದಲ್ಲಿ ಜೋಡಿಸಿರುವುದೇ ಆ ಮೂರನೆಯ ತಪ್ಪು ಆಗದಿರಲಿ ಎಂದು. ಕ್ರಮ ಬದಲಿಸಿದರೆ ಗುಣಾಕಾರ ಭಾಗಾಕಾರ ಎಲ್ಲ ಸರಿ ಬಂದರೂ ಸಿಗುವ ಉತ್ತರ ನಿಮ್ಮದಾಗಿರುವುದಿಲ್ಲ.

## ಶುರುವಿಗೆ ಮುಂಚೆ: ಇಲ್ಲಿ ದುಡ್ಡಿಲ್ಲ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು, ಅವುಗಳ ಜಾಹೀರಾತನ್ನು, ಅವುಗಳಿಗೆ ಬ್ಯಾಂಕ್ ಮೂಲಕ ಹಣ ಸಾಗಿಸುವುದನ್ನು ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ರಂದು. ಊರಲ್ಲಿ ಕೂತು ಕೈಯಿಂದ ಕೈಗೆ ಬಾಜಿ ಕಟ್ಟಿದರೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಕಲಂಗಳಿವೆ. ಮಟ್ಕಾ, ಓಸಿ ಚೀಟಿ ಬರೆಯುವವರ ಮೇಲೆ ಹಾಕುವ ಕಲಂಗಳೇ ಅವು.

ಹಾಗಾಗಿ ಈ ಬರಹ ದರವನ್ನು ಒಂದು ಮಾಹಿತಿಯಾಗಿ ಓದುವುದಕ್ಕೆ ಮಾತ್ರ. ಯುರೋಪಿನ ಸೈಕ್ಲಿಂಗ್ ಪತ್ರಿಕೆಗಳ ಮುನ್ನೋಟದ ಬರಹಗಳಲ್ಲಿ ಅಚ್ಚಾಗುವ ದರ ಸಾಕು, ಖಾತೆ ತೆರೆಯಬೇಕಿಲ್ಲ. ಗೆಳೆಯರ ಗುಂಪಿನಲ್ಲಿ ಊಹೆಯ ಸ್ಪರ್ಧೆ ನಡೆಸುವುದಾದರೆ ಅಂಕ ಬರೆದಿಡಿ, ಅಷ್ಟೇ. ಸೋತವನು ಒಗ್ಗರಣಿ-ಮಿರ್ಚಿ ಕೊಡಿಸಬೇಕು ಎಂಬ ಪಂದ್ಯವೂ ಬೇಡ. ಮಿರ್ಚಿ ಬೇಕಿದ್ದರೆ ಎಲ್ಲರೂ ಸೇರಿ ತಿನ್ನಿ.

## ಬೇಕಾದ ಸಲಕರಣೆ

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್, ಒಂದು ನೋಟ್‌ಬುಕ್, ರೇಸಿನ ಅಧಿಕೃತ ಮಾರ್ಗಪುಸ್ತಕ ಅಥವಾ ಸ್ಟೇಜ್‌ಗಳ ಏರಿಳಿತದ ಚಿತ್ರ. ಸ್ಪರ್ಧಿಗಳ ಪಟ್ಟಿಗೂ ಹಿಂದಿನ ಫಲಿತಾಂಶಗಳಿಗೂ ಪ್ರೊಸೈಕ್ಲಿಂಗ್‌ಸ್ಟ್ಯಾಟ್ಸ್ ಅಥವಾ ಫಸ್ಟ್‌ಸೈಕ್ಲಿಂಗ್. ಗಾಳಿಯ ಮುನ್ಸೂಚನೆಗೆ ವಿಂಡಿಯಂಥ ಆ್ಯಪ್.

ಗಡಿಯಾರದ ಲೆಕ್ಕವನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಮಾರ್ಚ್ ಕೊನೆಯವರೆಗೆ ಫ್ರಾನ್ಸ್, ಇಟಲಿಗಿಂತ ನಾವು ನಾಲ್ಕೂವರೆ ತಾಸು ಮುಂದೆ. ಅಲ್ಲಿ ಸಂಜೆ 4.30ಕ್ಕೆ ಮುಗಿಯುವ ಸ್ಟೇಜ್ ಇಲ್ಲಿ ರಾತ್ರಿ 9ಕ್ಕೆ. ಯುಎಇ ನಮಗಿಂತ ಒಂದೂವರೆ ತಾಸು ಹಿಂದೆ. ಜನವರಿಯಲ್ಲಿ ಅಡಿಲೇಡ್ ಐದು ತಾಸು ಮುಂದಿರುವುದರಿಂದ ಅಲ್ಲಿನ ಸ್ಟೇಜ್ ರೇಸ್ ಟೂರ್ ಡೌನ್ ಅಂಡರ್ ನಮ್ಮಲ್ಲಿ ಊಟದ ಹೊತ್ತಿಗೆ ಮುಂಚೆಯೇ ಮುಗಿದಿರುತ್ತದೆ. ಹಳೆಯ ದರವನ್ನು ಹೊಸದೆಂದು ತಿಳಿದು ಲೆಕ್ಕ ಹಾಕುವವರಲ್ಲಿ ಹೆಚ್ಚಿನವರು ಇಲ್ಲೇ ತಪ್ಪುವುದು.

## ಹಂತ 1: ಅಂಕಿಯ ಭಾಷೆ ಕಲಿಯಿರಿ

ಇದು ಒಣ ಹಂತ, ಆದರೆ ದಾಟಿಹೋಗುವಂತಿಲ್ಲ. ಯುರೋಪಿನ ದಶಮಾಂಶ ದರ 2.50 ಎಂದರೆ 100 ಹಾಕಿದವನ ಕೈಗೆ ಅಸಲೂ ಸೇರಿ 250 ಬರುತ್ತದೆ. ಲಾಭ 150 ಮಾತ್ರ. ನಮ್ಮ ಕಡೆ ಕ್ರಿಕೆಟ್ ಬಾಜಿಯ ಮಾತಿನಲ್ಲಿ ‘80 ಪೈಸೆ’ ಎಂದರೆ ರೂಪಾಯಿಗೆ 80 ಪೈಸೆ ಲಾಭ, ಅಸಲು ಬೇರೆ. ಅದನ್ನು ದಶಮಾಂಶಕ್ಕೆ ತಂದರೆ 1.80. ಪೈಸೆ ಲೆಕ್ಕಕ್ಕೆ ಒಗ್ಗಿದ ಕಿವಿ 2.50 ಅನ್ನು ‘ಎರಡು ರೂಪಾಯಿ ಐವತ್ತು ಪೈಸೆ ಲಾಭ’ ಎಂದು ಕೇಳಿಸಿಕೊಳ್ಳುತ್ತದೆ. ಆಗ ಶೇ 40 ಆಗಬೇಕಿದ್ದ ಸಾಧ್ಯತೆ ಶೇ 28.6ಕ್ಕೆ ಇಳಿದುಬಿಡುತ್ತದೆ.

ಸೂತ್ರ ಒಂದೇ: 100 ಭಾಗಿಸು ದಶಮಾಂಶ ದರ. 2.50ಕ್ಕೆ ಶೇ 40, 5.00ಕ್ಕೆ ಶೇ 20, 21.00ಕ್ಕೆ ಶೇ 4.76.

ಬ್ರಿಟಿಷ್ ಪತ್ರಿಕೆಗಳಲ್ಲಿ 6/4 ಎಂದಿದ್ದರೆ 6 ಅನ್ನು 4ರಿಂದ ಭಾಗಿಸಿ 1 ಕೂಡಿಸಿ: 2.50. ಅಮೆರಿಕದ ಬರಹಗಳಲ್ಲಿ +150 ಎಂದರೆ 100ಕ್ಕೆ 150 ಲಾಭ, ಅದೂ 2.50. −120 ಎಂದರೆ 100 ಲಾಭಕ್ಕೆ 120 ಹಾಕಬೇಕು, ಅಂದರೆ 1.83. ಎಲ್ಲವನ್ನೂ ದಶಮಾಂಶಕ್ಕೆ ತಂದ ಮೇಲೆಯೇ ಹೋಲಿಸಿ.

ಅಭ್ಯಾಸಕ್ಕೆ ಕಳೆದ ವರ್ಷದ ಯಾವುದಾದರೂ ರೇಸಿನ ಹಳೆಯ ದರ ಬಳಸಿ. ಈ ಸಲದ ರೇಸಿನ ದರವನ್ನು ಈಗಲೇ ನೋಡಬೇಡಿ.

## ಹಂತ 2: ಮಾರ್ಗ ಬಿಡಿಸಿ, ಸೆಕೆಂಡು ಎಣಿಸಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಹೆಚ್ಚಿನವರು ‘ಬೆಟ್ಟ ಇದೆ, ಹಾಗಾದರೆ ಬೆಟ್ಟ ಹತ್ತುವವನು’ ಎಂದು ಮುಗಿಸಿಬಿಡುತ್ತಾರೆ. ಕೇಳಬೇಕಾದ್ದು ಬೆಟ್ಟ ಇದೆಯೇ ಎಂದಲ್ಲ, ಎಷ್ಟು ಸೆಕೆಂಡಿನ ಅಂತರ ಎಲ್ಲಿ ಬೀಳುತ್ತದೆ ಎಂದು. ಪ್ರತಿ ಸ್ಟೇಜ್‌ಗೆ ಒಂದು ಸಾಲು ಮಾಡಿ, ಮುಂಚೂಣಿಯ ಐದಾರು ಮಂದಿಯ ನಡುವೆ ಎಷ್ಟು ಅಂತರ ಬೀಳಬಹುದು ಎಂದು ಬರೆಯಿರಿ. ಶುರುವಿಗೆ ಈ ಅಂದಾಜು ಇಟ್ಟುಕೊಂಡು, ಅದೇ ರೇಸಿನ ಹಳೆಯ ಫಲಿತಾಂಶ ನೋಡಿ ತಿದ್ದಿಕೊಳ್ಳಿ:

- ಸಮತಟ್ಟಿನ ಸ್ಪ್ರಿಂಟ್ ಸ್ಟೇಜ್: ಬೋನಸ್ ಬಿಟ್ಟರೆ ಸೊನ್ನೆ.
- ಕೊನೆಯಲ್ಲಿ 1ರಿಂದ 3 ಕಿ.ಮೀ. ಕಡಿದಾದ ಏರು: 3ರಿಂದ 10 ಸೆಕೆಂಡು.
- 8 ಕಿ.ಮೀ.ಗೂ ಉದ್ದದ, ಶೇ 7ರ ಆಸುಪಾಸಿನ ಬೆಟ್ಟದ ತುದಿಯಲ್ಲಿ ಮುಕ್ತಾಯ: 20ರಿಂದ 60 ಸೆಕೆಂಡು.
- ಒಬ್ಬೊಬ್ಬರೇ ಓಡಿಸುವ ಸಮತಟ್ಟಿನ ಟೈಮ್ ಟ್ರಯಲ್: ಬಲ್ಲವನಿಗೂ ಬಾರದವನಿಗೂ ಕಿಲೋಮೀಟರಿಗೆ 2ರಿಂದ 4 ಸೆಕೆಂಡು.

ಏರಿನ ಉದ್ದಕ್ಕಿಂತ ಕಡಿದು ಮುಖ್ಯ. ಯುಎಇ ಟೂರ್‌ನ ಜೆಬೆಲ್ ಜೈಸ್ ಸುಮಾರು 20 ಕಿ.ಮೀ. ಉದ್ದವಿದ್ದರೂ ಸರಾಸರಿ ಏರು ಶೇ 5ರ ಆಸುಪಾಸು. ಅಲ್ಲಿ ವೇಗ ಹೆಚ್ಚು, ಮುಂದಿನವನ ಬೆನ್ನಿಗೆ ಅಂಟಿಕೊಂಡವನಿಗೆ ಗಾಳಿಯ ರಕ್ಷಣೆ ಸಿಗುತ್ತದೆ, ಗುಂಪು ಒಡೆಯುವುದು ಕಷ್ಟ. ಜೆಬೆಲ್ ಹಫೀತ್ ಅದರ ಅರ್ಧದಷ್ಟೇ ಉದ್ದ, ಸುಮಾರು 11 ಕಿ.ಮೀ.; ಆದರೆ ಏರು ಶೇ 6.5ಕ್ಕೂ ಹೆಚ್ಚು, ನಡುವೆ ಇನ್ನೂ ಕಡಿದಾದ ಭಾಗಗಳಿವೆ. ರೇಸ್ ತೀರ್ಮಾನವಾಗುವುದು ಹೆಚ್ಚಾಗಿ ಹಫೀತ್ ಮೇಲೆ. 2024ರಲ್ಲಿ ಲೆನರ್ಟ್ ವ್ಯಾನ್ ಈಟ್‌ವೆಲ್ಟ್ ಕೊನೆಯ ದಿನ ಅಲ್ಲೇ ದಾಳಿ ಮಾಡಿ ಇಡೀ ರೇಸ್ ಗೆದ್ದುಕೊಂಡ. ಚಿತ್ರದಲ್ಲಿ ಎರಡೂ ಬೆಟ್ಟಗಳು ಒಂದೇ ಥರ ಹೆದರಿಸುತ್ತವೆ. ಚಿತ್ರ ನಂಬಬೇಡಿ, ಕಿಲೋಮೀಟರ್‌ವಾರು ಏರಿನ ಅಂಕಿ ನೋಡಿ.

ಬೋನಸ್ ಸೆಕೆಂಡು. ಸಾಮಾನ್ಯವಾಗಿ ಸ್ಟೇಜ್‌ನ ಮೊದಲ ಮೂವರ ಒಟ್ಟು ಸಮಯದಿಂದ 10, 6, 4 ಸೆಕೆಂಡು ಕಳೆಯುತ್ತಾರೆ. ನಡುವಿನ ಸ್ಪ್ರಿಂಟ್‌ಗಳಲ್ಲಿ 3, 2, 1. ಮೂರು ವಾರದ ರೇಸಿನಲ್ಲಿ ಇವು ಮುಳುಗಿಹೋಗಬಹುದು, ಒಂದು ವಾರದ ರೇಸಿನಲ್ಲಿ ಮುಳುಗುವುದಿಲ್ಲ. ಪ್ಯಾರಿಸ್–ನೀಸ್ 2016ರಲ್ಲಿ 4 ಸೆಕೆಂಡಿಗೆ, 2017ರಲ್ಲಿ 2 ಸೆಕೆಂಡಿಗೆ, 2018ರಲ್ಲಿ ಮತ್ತೆ 4 ಸೆಕೆಂಡಿಗೆ ತೀರ್ಮಾನವಾಯಿತು. ಮೊದಲ ಎರಡರಲ್ಲೂ ಸೋತವನು ಕೊಂಟಡೋರ್. ಟೂರ್ ಡೌನ್ ಅಂಡರ್ ಇನ್ನೂ ಬಿಗಿ: 2012ರಲ್ಲಿ ಸೈಮನ್ ಗೆರನ್ಸ್ ಮತ್ತು ವಾಲ್‌ವೆರ್ದೆ ಸಮಾನ ಸಮಯದಲ್ಲಿ ಮುಗಿಸಿದರು, ಸ್ಟೇಜ್ ಸ್ಥಾನಗಳ ಮೇಲೆ ಗೆರನ್ಸ್ ಗೆದ್ದ. 2014ರಲ್ಲಿ ಅದೇ ಗೆರನ್ಸ್ ಕ್ಯಾಡೆಲ್ ಎವನ್ಸ್‌ನನ್ನು ಸೋಲಿಸಿದ್ದು 1 ಸೆಕೆಂಡಿನಿಂದ. ಇಂಥ ರೇಸಿಗೆ ಏರೂ ಹತ್ತಬಲ್ಲ, ಸಣ್ಣ ಗುಂಪಿನಲ್ಲಿ ಸ್ಪ್ರಿಂಟೂ ಹೊಡೆಯಬಲ್ಲ ಸವಾರನನ್ನು ಹುಡುಕಿ. ಬರೀ ಬೆಟ್ಟದವನನ್ನು ಮೇಲಿಡುವುದು ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪು.

ತಂಡದ ಟೈಮ್ ಟ್ರಯಲ್. 2023ರಲ್ಲಿ ಪ್ಯಾರಿಸ್–ನೀಸ್ ಹೊಸ ಕ್ರಮ ತಂದಿತು: ತಂಡವಾಗಿ ಹೊರಟರೂ ಒಟ್ಟಾರೆ ಪಟ್ಟಿಗೆ ಪ್ರತಿಯೊಬ್ಬನ ಸಮಯ ಅವನವನದೇ. ಕೊನೆಯ ಕಿಲೋಮೀಟರಿನಲ್ಲಿ ಸಹಾಯಕರು ಕಳಚಿಕೊಂಡು ನಾಯಕನನ್ನು ಮುಂದೆ ಬಿಡುತ್ತಾರೆ. ಹಾಗಾಗಿ ಒಂದೇ ತಂಡದ ಇಬ್ಬರು ನಾಯಕರ ನಡುವೆಯೂ ಇಲ್ಲಿ ಅಂತರ ಬೀಳುತ್ತದೆ. ಆ ವರ್ಷದ ನಿಯಮ ಯಾವುದೆಂದು ಮಾರ್ಗಪುಸ್ತಕದಲ್ಲಿ ಓದದೆ ಈ ಸಾಲು ತುಂಬಬೇಡಿ.

ಅಡ್ಡಗಾಳಿ. ಕೊಪ್ಪಳದಿಂದ ಗದಗ ದಿಕ್ಕಿಗೆ, ಗಾಳಿಯಂತ್ರಗಳ ನಡುವಿನ ಬಯಲಿನಲ್ಲಿ ಸೈಕಲ್ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದಿಂದ ಗಾಳಿ ಬಂದಾಗ ಸವಾರರು ರಸ್ತೆಯ ಅಡ್ಡಕ್ಕೆ ಓರೆ ಸಾಲು ಕಟ್ಟುತ್ತಾರೆ. ಸಾಲಿನಲ್ಲಿ ಜಾಗ ಸಿಗದವನು ಅಂಚಿನಲ್ಲಿ ಒಬ್ಬನೇ ಗಾಳಿ ತಿಂದು ಹಿಂದೆ ಬೀಳುತ್ತಾನೆ. ಪ್ಯಾರಿಸ್–ನೀಸ್‌ನ ಮೊದಲ ದಿನಗಳ ಬಯಲು, ಯುಎಇಯ ಮರುಭೂಮಿ ರಸ್ತೆ, ಎರಡೂ ಇದಕ್ಕೆ ಹೆಸರಾದವು. ಬೆಟ್ಟದಲ್ಲಿ 30 ಸೆಕೆಂಡು ಗಳಿಸಲು ಹೆಣಗುವವರು ಇಲ್ಲಿ ಅರ್ಧ ತಾಸಿನಲ್ಲಿ ಒಂದು ನಿಮಿಷ ಕಳೆದುಕೊಳ್ಳುತ್ತಾರೆ. ನೋಡಬೇಕಾದ್ದು ಮೂರು: ಗಾಳಿ ಗಂಟೆಗೆ 30 ಕಿ.ಮೀ. ದಾಟಿದೆಯೇ, ಕೊನೆಯ 60 ಕಿ.ಮೀ. ರಸ್ತೆಗೆ ಅದು ಪಕ್ಕದಿಂದ ಬೀಸುತ್ತದೆಯೇ, ಅಲ್ಲಿ ಮರ, ಊರು, ಗೋಡೆಗಳ ಮರೆ ಇಲ್ಲವೇ. ಮೂರಕ್ಕೂ ‘ಹೌದು’ ಎಂದಾದರೆ ಬಲವಾದ ಬಯಲು ಸವಾರರಿಲ್ಲದ ತಂಡದ ನಾಯಕನಿಂದ, ಹಂತ 4ರಲ್ಲಿ ಅಂಕ ಹಂಚುವಾಗ, ಒಂದಿಷ್ಟು ಪಾಲು ಕಿತ್ತುಕೊಳ್ಳಿ. ಐದು ದಿನ ಮುಂಚಿನ ಮುನ್ಸೂಚನೆಗೆ ಬೆಲೆ ಇಲ್ಲ, ಹಿಂದಿನ ರಾತ್ರಿಯದ್ದೇ ನೋಡಿ.

ಹವಾಮಾನ ಸ್ಟೇಜನ್ನೇ ನುಂಗಬಹುದು. ಪ್ಯಾರಿಸ್–ನೀಸ್‌ನಲ್ಲಿ 2016ರಲ್ಲಿ ಹಿಮದಿಂದ ಒಂದು ಸ್ಟೇಜ್, 2023ರಲ್ಲಿ ಬಿರುಗಾಳಿಯಿಂದ ಒಂದು ಸ್ಟೇಜ್ ರದ್ದಾದವು. 2024ರಲ್ಲಿ ಬೆಟ್ಟದ ಸ್ಟೇಜ್‌ನ ಮುಕ್ತಾಯವನ್ನೇ ಬೇರೆ ಕಡೆಗೆ ಸರಿಸಿದರು. ಇಡೀ ರೇಸ್ ಒಂದೇ ಬೆಟ್ಟದ ಮೇಲೆ ನಿಂತಿದ್ದರೆ, ಆ ದಿನ ಇಲ್ಲವಾದರೆ ಪಟ್ಟಿ ಹೇಗಾಗುತ್ತದೆ ಎಂದು ಇನ್ನೊಂದು ಕಾಲಂನಲ್ಲಿ ಬರೆದಿಡಿ. ಟೈಮ್ ಟ್ರಯಲ್ ಬಲ್ಲವರು ಆ ಕಾಲಂನಲ್ಲಿ ಮೇಲೇರುತ್ತಾರೆ.

## ಹಂತ 3: ಸವಾರರನ್ನು ಈ ತಿಂಗಳ ಕಣ್ಣಿನಿಂದ ನೋಡಿ

ಜುಲೈ ತಿಂಗಳ ಸವಾರ ಬೇರೆ, ಫೆಬ್ರವರಿಯ ಸವಾರ ಬೇರೆ. ಋತುವಿನ ಆರಂಭದಲ್ಲಿ ಹೆಸರು ದೊಡ್ಡದಿದ್ದರೂ ಕಾಲು ತಯಾರಿರುವುದಿಲ್ಲ. ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ಬರೆಯಿರಿ.

ಈ ವರ್ಷ ಈಗಾಗಲೇ ರೇಸ್ ಓಡಿದ್ದಾನೆಯೇ, ಇದೇ ಮೊದಲೇ? ಟೆನೆರಿಫ್‌ನ ಟೈಡೆ ಅಥವಾ ಸಿಯೆರಾ ನೆವಾಡಾದಂಥ ಎತ್ತರದ ಶಿಬಿರದಿಂದ ನೇರ ಬಂದವನು ಮೊದಲ ದಿನವೇ ಹಾರಲೂಬಹುದು, ಮೂರನೇ ದಿನ ಕುಸಿಯಲೂಬಹುದು. ಅವನಿಗೆ ಕೊಡುವ ಅಂಕಿ ತಪ್ಪುವ ಅಂತರ ದೊಡ್ಡದು ಎಂದು ಗುರುತು ಹಾಕಿ.

ಈ ರೇಸ್ ಅವನಿಗೆ ಗುರಿಯೇ, ತಾಲೀಮೇ? ಟೂರ್ ಡೌನ್ ಅಂಡರ್‌ನಲ್ಲಿ ಆಸ್ಟ್ರೇಲಿಯಾದವರು ಸಾಮಾನ್ಯವಾಗಿ ತಮ್ಮ ಬೇಸಿಗೆಯ ನಡುವೆ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಓಡಿ ಬಿಸಿಯಾದ ಕಾಲಿನಲ್ಲಿ ಬರುತ್ತಾರೆ. ಯುರೋಪಿನವರು ಚಳಿಗಾಲದಿಂದ ಎದ್ದು ಬಂದಿರುತ್ತಾರೆ.

ತಂಡದಲ್ಲಿ ಎರಡನೇ ನಾಯಕ ಯಾರು? ಈ ಪ್ರಶ್ನೆಯನ್ನು ಬಿಟ್ಟವರ ಲೆಕ್ಕ 2025ರ ಪ್ಯಾರಿಸ್–ನೀಸ್‌ನಲ್ಲಿ ತಲೆಕೆಳಗಾಯಿತು. ಒಟ್ಟಾರೆ ಮುಂದಿರುವವನು ತೊಡುವ ಹಳದಿ ಅಂಗಿಯಲ್ಲಿದ್ದ ಜೋನಸ್ ವಿಂಗೆಗೋರ್ ಐದನೇ ಸ್ಟೇಜ್‌ನಲ್ಲಿ ಬಿದ್ದ, ಆರನೇ ದಿನ ಹೊರಡಲಿಲ್ಲ. ಗೆದ್ದವನು ಅದೇ ತಂಡದ, ಹಿಂದಿನ ವರ್ಷವೂ ಗೆದ್ದಿದ್ದ ಮ್ಯಾಟಿಯೊ ಜಾರ್ಗೆನ್ಸನ್. ನಾಯಕ ಹೊರಬಿದ್ದಾಗ ಅವನ ಪಾಲು ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ದೊಡ್ಡ ತುಂಡು ಅದೇ ತಂಡದ ಎರಡನೆಯವನಿಗೆ ಹೋಗುತ್ತದೆ, ಏಕೆಂದರೆ ಉಳಿದ ಸಹಾಯಕರೆಲ್ಲ ಇನ್ನು ಅವನಿಗಾಗಿ ದುಡಿಯುತ್ತಾರೆ.

ಕೊನೆಯದು, ಮುಗಿಸುತ್ತಾನೆಯೇ? ಮಾರ್ಚ್‌ನ ಚಳಿ, ಮಳೆ, ಕೆಮ್ಮು, ಜ್ವರ, ಬೀಳುವುದು ಎಲ್ಲ ಸೇರಿಸಿ ಫೇವರಿಟ್‌ಗೂ ಹತ್ತಕ್ಕೆ ಒಂದು ಪಾಲು ಮೊದಲೇ ಕಳೆಯಿರಿ. ಇದು ಕೆಲಸಕ್ಕೆ ಇಟ್ಟುಕೊಂಡ ಅಂದಾಜು. ಬಿಸಿಲಿನ ಯುಎಇಗೆ ಸ್ವಲ್ಪ ಕಡಿಮೆ ಮಾಡಿ. 2021ರ ಪ್ಯಾರಿಸ್–ನೀಸ್‌ನಲ್ಲಿ ಪ್ರಿಮೊಜ್ ರೋಗ್ಲಿಚ್ ಮೂರು ಸ್ಟೇಜ್ ಗೆದ್ದು ಕೊನೆಯ ದಿನ ಮುಂದಿದ್ದ. ಅವತ್ತು ಎರಡು ಸಲ ಬಿದ್ದು ರೇಸ್ ಕಳೆದುಕೊಂಡ, ಮ್ಯಾಕ್ಸ್ ಶಾಖ್ಮನ್ ಗೆದ್ದ. ಕೊನೆಯ ಗೆರೆ ದಾಟುವವರೆಗೆ ಯಾರಿಗೂ ಶೇ 100 ಬರೆಯುವಂತಿಲ್ಲ.

## ಹಂತ 4: ನಿಮ್ಮ ಅಂಕಿ ಮೊದಲು, ಪೆನ್ನಿನಲ್ಲಿ

ಈಗ 100 ಅಂಕವನ್ನು ಹಂಚಿ. ಮುಂಚೂಣಿಯ ಆರೇಳು ಹೆಸರಿಗೆ ಒಂದೊಂದು ಪಾಲು, ಉಳಿದವರಿಗೆಲ್ಲ ಸೇರಿ ‘ಇತರರು’ ಎಂಬ ಒಂದು ಸಾಲು. ಇಂಥ ಒಂದು ವಾರದ ರೇಸಿನಲ್ಲಿ ಪ್ರತಿ ತಂಡಕ್ಕೆ ಏಳು ಮಂದಿ, ಒಟ್ಟು ಸುಮಾರು 150 ಸವಾರರು. ‘ಇತರರು’ ಸಾಲಿಗೆ 5 ಅಂಕ ಬರೆದಿದ್ದರೆ ನೀವು ಟಿವಿಯಲ್ಲಿ ಕಾಣುವ ಮುಖಗಳನ್ನಷ್ಟೇ ಎಣಿಸಿದ್ದೀರಿ. ಆರಂಭದ ರೇಸ್‌ಗಳಿಗೆ 12ರಿಂದ 20 ಇಡಿ.

ಉದಾಹರಣೆಗೆ, ಮೈ ಸರಿಯಿದ್ದರೆ ‘ಎ’ ಎಂಬ ಸವಾರನಿಗೆ 37. ಬೀಳುವ, ಹುಷಾರು ತಪ್ಪುವ ಲೆಕ್ಕಕ್ಕೆ 0.9ರಿಂದ ಗುಣಿಸಿ: 33. ಉಳಿದ 4ರಲ್ಲಿ ಎರಡೂವರೆ ಅವನ ತಂಡದ ಎರಡನೆಯವನಿಗೆ, ಮಿಕ್ಕಿದ್ದು ಇತರರಿಗೆ. ಕೊನೆಗೆ ಪಟ್ಟಿ ಹೀಗಾಯಿತು ಎನ್ನಿ: ಎ 33, ಬಿ 18, ಸಿ 16, ಡಿ 7, ಇ 5, ಎಫ್ 4, ಇತರರು 17. ಕೂಡಿ ನೋಡಿ, 100 ಬರಲೇಬೇಕು. ಒಬ್ಬೊಬ್ಬನ ಬಗ್ಗೆ ಬೇರೆ ಬೇರೆ ಯೋಚಿಸುವವರ ಮೊತ್ತ 130, 140 ಮುಟ್ಟುವುದು ಸಾಮಾನ್ಯ.

ದಿನಾಂಕ, ಗಂಟೆ ಬರೆದು ಪಟ್ಟಿಯನ್ನು ಮುಚ್ಚಿಡಿ. ಗುಂಪಿನಲ್ಲಿ ಆಡುವವರು ಫೋಟೊ ತೆಗೆದು ಎಲ್ಲರೂ ಒಟ್ಟಿಗೆ ಕಳಿಸಿ. ಪೆನ್ಸಿಲ್ ಬೇಡ. ದರ ಕಂಡ ಮೇಲೆ ‘ನನ್ನ ಮನಸ್ಸಿನಲ್ಲೂ ಅದೇ ಇತ್ತು’ ಎನ್ನುವ ಚಟಕ್ಕೆ ಪೆನ್ನೇ ಮದ್ದು.

## ಹಂತ 5: ದರ ತೆರೆಯಿರಿ, ದಲಾಲಿ ತೆಗೆಯಿರಿ

ಈಗ ಹಲಗೆಯ, ಅಂದರೆ ಬೆಟ್ಟಿಂಗ್ ಕಂಪನಿಯ ದರಪಟ್ಟಿಯ, ದರ ನೋಡಬಹುದು. ಲೆಕ್ಕ ಕಲಿಯಲು ಮಾಡಿಕೊಂಡ ಪಟ್ಟಿ ಇದು: ಎ 2.20, ಬಿ 4.50, ಸಿ 7.00, ಡಿ 11, ಇ 15, ಎಫ್ 21. ಆಮೇಲೆ 34ರ ದರದಲ್ಲಿ ನಾಲ್ವರು, 67ರಲ್ಲಿ ಆರು ಮಂದಿ, 151ರಲ್ಲಿ ಹತ್ತು ಮಂದಿ.

ಪ್ರತಿಯೊಂದರಿಂದ 100 ಭಾಗಿಸಿ: 45.5, 22.2, 14.3, 9.1, 6.7, 4.8; ನಂತರದವರು 2.94, 1.49, 0.66. ಎಲ್ಲ 26 ಮಂದಿಯನ್ನು ಕೂಡಿದರೆ ಸುಮಾರು 130 ಬರುತ್ತದೆ. ಗೆಲ್ಲುವವನು ಒಬ್ಬನೇ, ಇರಬೇಕಾದ್ದು 100. ಮೇಲಿನ 30 ಕಂಪನಿ ಇಟ್ಟುಕೊಂಡ ದಲಾಲಿ. ರಾಯಚೂರು ಎಪಿಎಂಸಿಯಲ್ಲಿ ಹತ್ತಿ ಮಾರಿದವನ ಕೈಗೆ ಬರುವ ಪಟ್ಟಿಯಲ್ಲಿ ಹಮಾಲಿ, ತೂಕ ಎಂದು ಕಡಿತಗಳು ಸಾಲು ಸಾಲಾಗಿ ಕಾಣುತ್ತವೆ. ಇಲ್ಲಿ ಕಡಿತ ದರದೊಳಗೇ ಅಡಗಿ ಕೂತಿರುತ್ತದೆ, ಕೂಡಿದವನಿಗೆ ಮಾತ್ರ ಕಾಣುತ್ತದೆ. ಮೊದಲ ಆರು ಹೆಸರನ್ನಷ್ಟೇ ಕೂಡಿದವನಿಗೆ 102.5 ಬಂದು ದಲಾಲಿ ಬರೀ ಎರಡೂವರೆ ಎನಿಸುತ್ತದೆ. ಇಡೀ ಹಲಗೆಯನ್ನು ಕೂಡಲೇಬೇಕು.

ದಲಾಲಿ ತೆಗೆಯುವ ಸುಲಭ ದಾರಿ ಎಲ್ಲವನ್ನೂ 1.30ರಿಂದ ಭಾಗಿಸುವುದು. ಆಗ ಎ 35ಕ್ಕೆ ಇಳಿಯುತ್ತಾನೆ, 151ರ ದರದವನು 0.51ಕ್ಕೆ. ಆದರೆ ದಲಾಲಿ ಎಲ್ಲರ ಮೇಲೂ ಸಮನಾಗಿ ಬಿದ್ದಿರುವುದಿಲ್ಲ. ದೊಡ್ಡ ದರದ ಹೆಸರಿಗೆ ಆಸೆಬುರುಕರು ಹೆಚ್ಚು, ಕಂಪನಿಗಳಿಗೆ ಅಲ್ಲಿ ಭಯವೂ ಹೆಚ್ಚು. ಹಾಗಾಗಿ ಆ ದರಗಳನ್ನು ಹೆಚ್ಚು ಕತ್ತರಿಸಿರುತ್ತಾರೆ. ಸಮನಾಗಿ ಭಾಗಿಸಿದರೆ ಫೇವರಿಟ್‌ಗೆ ಅನ್ಯಾಯ, ಬಾಲದವರಿಗೆ ಪುಕ್ಕಟೆ ಲಾಭ.

ಇದಕ್ಕಿಂತ ಒಳ್ಳೆಯದು ಘಾತದ ವಿಧಾನ. ಪ್ರತಿ ಸಾಧ್ಯತೆಯನ್ನು ದಶಮಾಂಶದಲ್ಲಿ ಬರೆಯಿರಿ: 0.455, 0.222, ಹೀಗೆ. ಎಲ್ಲವನ್ನೂ ಒಂದೇ ಘಾತಕ್ಕೆ ಏರಿಸಿ, ಮೊತ್ತ ಸರಿಯಾಗಿ 1 ಬರುವ ಘಾತವನ್ನು ಹುಡುಕಿ. ಎಕ್ಸೆಲ್‌ನ ಗೋಲ್ ಸೀಕ್ ಇದನ್ನು ಕ್ಷಣದಲ್ಲಿ ಮಾಡುತ್ತದೆ, ಫೋನಿನಲ್ಲಾದರೆ 1.10, 1.15 ಎಂದು ಹಾಕಿ ನೋಡುತ್ತಾ ಹತ್ತಿರ ಬನ್ನಿ. ನಮ್ಮ ಪಟ್ಟಿಗೆ ಅದು ಸುಮಾರು 1.136. ಈಗ ಎ 40.8, ಬಿ 18.1, ಸಿ 11.0, ಬಾಲದ ಹತ್ತು ಮಂದಿ ತಲಾ 0.34. ಒಂದೇ ಹಲಗೆಯಿಂದ ಎಗೆ 45.5, 35, 40.8 ಎಂಬ ಮೂರು ಅಂಕಿ ಬಂತು. ಯಾವುದನ್ನು ಬಳಸಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆಯದಿದ್ದರೆ ಮುಂದಿನ ಹೋಲಿಕೆಗೆ ಅರ್ಥವೇ ಇಲ್ಲ.

## ಹಂತ 6: ವ್ಯತ್ಯಾಸ ಕಂಡಾಗ ಮೊದಲು ನಿಮ್ಮನ್ನು ಅನುಮಾನಿಸಿ

ನಿಮ್ಮ ಪಟ್ಟಿಯಲ್ಲಿ ಎ 33, ಮಾರುಕಟ್ಟೆಯಲ್ಲಿ 40.8. ಸಿ ನಿಮ್ಮಲ್ಲಿ 16, ಅಲ್ಲಿ 11. ‘ಸಿ ದರ ತಪ್ಪು’ ಎಂದು ಕುಣಿಯುವ ಮುಂಚೆ ಒಂದು ಗುಣಾಕಾರ ಮಾಡಿ. ಸಿ ದರ 7.00, ನಿಮ್ಮ ಶೇ 16 ನಿಜವಾದರೆ 7 × 0.16 = 1.12, ಒಂದಕ್ಕಿಂತ ಹೆಚ್ಚು. ಆದರೆ ನಿಮ್ಮ 16ರಲ್ಲಿ ನಾಲ್ಕು ಅಂಕದ ತಪ್ಪು ಇರುವುದು ಏನೂ ಆಶ್ಚರ್ಯವಲ್ಲ. 12 ಆದರೆ ಗುಣಲಬ್ಧ 0.84. ಅಷ್ಟು ಸಣ್ಣ ತಪ್ಪಿಗೆ ಲಾಭ ನಷ್ಟವಾಗಿ ಮಗುಚುತ್ತದೆ ಎಂದರೆ ಅಲ್ಲಿ ಸಿಕ್ಕಿದ್ದು ಏನೂ ಇಲ್ಲ. ಋತುವಿನ ಆರಂಭದಲ್ಲಿ ಹೆಚ್ಚಿನ ವ್ಯತ್ಯಾಸಗಳ ಹಣೆಬರಹ ಇದೇ.

ವ್ಯತ್ಯಾಸ 8 ಅಂಕಕ್ಕಿಂತ ದೊಡ್ಡದಿದ್ದರೆ ನಿಮಗೆ ಗೊತ್ತಿಲ್ಲದ್ದು ಏನೋ ಇದೆ ಎಂದುಕೊಳ್ಳಿ. ಈ ಕ್ರಮದಲ್ಲಿ ಹುಡುಕಿ: ಸವಾರ ಅಂತಿಮ ಪಟ್ಟಿಯಲ್ಲಿ ಇದ್ದಾನೆಯೇ, ತಂಡ ಬೇರೆಯವನನ್ನು ನಾಯಕ ಎಂದಿದೆಯೇ, ಹಿಂದಿನ ವಾರ ಅರ್ಧಕ್ಕೆ ಬಿಟ್ಟಿದ್ದನೇ, ಮಾರ್ಗ ಬದಲಾಗಿದೆಯೇ. ನಾಲ್ಕೂ ಸರಿಯಿದ್ದರೆ ಮಾತ್ರ ನಿಮ್ಮ ಅಂಕಿಯನ್ನು ಹಾಗೇ ಬಿಡಿ. ಮಾರುಕಟ್ಟೆಯ ಕಡೆಗೆ ಅರ್ಧ ದಾರಿ ಸರಿಸುವ ಅಭ್ಯಾಸವೂ ಇದೆ. ಬೇಡ, ಅದು ಲೆಕ್ಕವಲ್ಲ, ರಾಜಿ.

ಒಂದು ದಿನದಲ್ಲಿ ದರ 6ರಿಂದ 3.5ಕ್ಕೆ ಇಳಿದರೆ ಹೆಚ್ಚಾಗಿ ಮೇಲಿನ ಯಾರೋ ಹಿಂದೆ ಸರಿದಿರುತ್ತಾರೆ. ಇಳಿದವನ ಕಾಲಿಗೆ ಹೊಸ ಬಲ ಬಂದಿದೆ ಎಂದಲ್ಲ.

## ಹಂತ 7: ನಿಯಮದ ಸಣ್ಣ ಅಕ್ಷರ

ಇದನ್ನು ಬೇಗ ಮುಗಿಸಬಹುದು. ಒಟ್ಟಾರೆ ವಿಜೇತನ ದರದಲ್ಲಿ ಹೊರಡದವನ ಹೆಸರಿಗೂ ಹಣ ವಾಪಸ್ ಇಲ್ಲ ಎಂಬ ಷರತ್ತು ಸಾಮಾನ್ಯ. ತಿಂಗಳು ಮುಂಚಿನ ದರ ಆಕರ್ಷಕವಾಗಿ ಕಾಣುವುದಕ್ಕೆ ಅದೇ ಒಂದು ಕಾರಣ, ಆತ ಬಾರದೇ ಇರುವ ಅಪಾಯವೂ ಅದರೊಳಗಿದೆ. ‘ಮೊದಲ ಮೂವರೊಳಗೆ, ನಾಲ್ಕನೇ ಒಂದು ದರ’ ಎಂದಿದ್ದರೆ 21.00ರ ಸ್ಥಾನದ ದರ 1 + 20 ÷ 4 = 6.00. ಇದನ್ನು 21 ÷ 4 ಎಂದು ಮಾಡುವವರು ಬಹಳ.

ಪೋರ್ಚುಗಲ್‌ನಲ್ಲಿ ನಡೆದ 2025ರ ಅಲ್ಗಾರ್ವೆ ರೇಸಿನ ಮೊದಲ ಸ್ಟೇಜ್‌ನಲ್ಲಿ ಮುಂದಿದ್ದ ಗುಂಪಿನ ಬಹುಪಾಲು ಕೊನೆಯಲ್ಲಿ ತಪ್ಪು ರಸ್ತೆ ಹಿಡಿಯಿತು, ಸ್ಟೇಜ್‌ನ ಫಲಿತಾಂಶವನ್ನೇ ರದ್ದು ಮಾಡಿದರು. ಇಂಥ ದಿನ ಸ್ಟೇಜ್ ಊಹೆಗೆ ಅಂಕ ಕೊಡುವುದೇ ಬೇಡವೇ ಎಂದು ನಿಮ್ಮ ಗುಂಪೂ ರೇಸಿಗೆ ಮುಂಚೆಯೇ ಬರೆದಿಟ್ಟುಕೊಳ್ಳಲಿ. ಆಮೇಲೆ ಬರೆದರೆ ಜಗಳ.

## ಹಂತ 8: ಇಬ್ಬಿಬ್ಬರ ಜೋಡಿಯಲ್ಲಿ ಕಲಿಯಿರಿ

ಯಾರು ಗೆಲ್ಲುತ್ತಾರೆ ಎಂಬ ಊಹೆಯಿಂದ ಕಲಿಯುವುದು ನಿಧಾನ. ರೇಸಿಗೆ ಒಂದೇ ಉತ್ತರ. ‘ಬಿ ಮುಂದೋ, ಡಿ ಮುಂದೋ’ ಎಂಬ ಜೋಡಿಗಳಲ್ಲಿ ಒಂದೇ ರೇಸಿನಿಂದ ಹತ್ತು ಉತ್ತರ ಸಿಗುತ್ತವೆ. ದಲಾಲಿಯೂ ಕಡಿಮೆ: ಎರಡೂ ಕಡೆ 1.83 ಇದ್ದರೆ ಮೊತ್ತ 109.3, ಒಟ್ಟಾರೆ ಹಲಗೆಯ 130ರ ಎದುರು ಸ್ವಚ್ಛ ಕನ್ನಡಿ. ಆದರೆ ಇಬ್ಬರ ಗುರಿಯೂ ಒಂದೇ ಆಗಿರಬೇಕು. ಸ್ಟೇಜ್ ಗೆಲ್ಲಲು ಬಂದವನು ಬೆಟ್ಟದ ದಿನ ಬೇಕೆಂದೇ ಹತ್ತು ನಿಮಿಷ ಬಿಟ್ಟುಕೊಡುತ್ತಾನೆ, ಮರುದಿನ ಉಳಿದವರು ತನ್ನನ್ನು ಮುಂದೆ ಓಡಿಹೋಗಲು ಬಿಡಲಿ ಎಂದು. ಅವನನ್ನು ಒಟ್ಟಾರೆ ಪಟ್ಟಿಯವನ ಜೊತೆ ಜೋಡಿ ಮಾಡಿದರೆ ನೀವು ಅಳೆಯುವುದು ಕಾಲಿನ ಬಲವನ್ನಲ್ಲ, ತಂಡದ ಯೋಜನೆಯನ್ನು.

## ಎಚ್ಚರಿಕೆಯ ಗುರುತುಗಳು

ಲೆಕ್ಕದೊಳಗಿನ ಗುರುತು: ಮೊತ್ತ 100 ಬಾರದಿರುವುದು, ಪ್ರತಿ ರೇಸಿನಲ್ಲೂ ನಿಮ್ಮ ಅಂಕಿ ಮಾರುಕಟ್ಟೆಯದಕ್ಕೆ ಅಂಟಿಕೊಂಡಿರುವುದು, ಹೋದ ವರ್ಷದ ವಿಜೇತನಿಗೆ ಪ್ರತಿ ಸಲ ಮೊದಲ ಸ್ಥಾನ.

ಹೊರಗಿನ ಗುರುತು ಇನ್ನೂ ಗಂಭೀರ. ‘ನೂರಕ್ಕೆ ನೂರು ಗ್ಯಾರಂಟಿ’ ಎನ್ನುವ ಟೆಲಿಗ್ರಾಂ ಚಾನೆಲ್, ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್, ಯಾರದೋ ಸ್ವಂತ ಹೆಸರಿನ ಖಾತೆಗೆ ಯುಪಿಐ ಮಾಡಿ ಎನ್ನುವುದು, ‘ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು’ ಎನ್ನುವುದು. ಕೊನೆಯದಕ್ಕೆ ಒಪ್ಪಿದ ವಿದ್ಯಾರ್ಥಿಗಳ ಖಾತೆ ಸ್ಥಗಿತವಾಗಿ, ಅವರೇ ಪ್ರಕರಣದಲ್ಲಿ ಸಿಕ್ಕಿಬೀಳುತ್ತಾರೆ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಾಜಿಯ ಚಟ ಬಿಡಿಸಿಕೊಳ್ಳಲಾಗದೆ ಒದ್ದಾಡುವವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

## ಹಂತ 9: ಅಂಕ ಹಾಕಿ

ರೇಸ್ ಮುಗಿದ ರಾತ್ರಿಯೇ ಮಾಡಿ. ನೀವು ಕೊಟ್ಟ ಸಾಧ್ಯತೆಯನ್ನು ದಶಮಾಂಶದಲ್ಲಿ ಬರೆದು, ನಡೆದದ್ದಕ್ಕೆ 1, ನಡೆಯದ್ದಕ್ಕೆ 0 ಇಟ್ಟು, ವ್ಯತ್ಯಾಸದ ವರ್ಗ ತೆಗೆಯಿರಿ. ಎ ಗೆದ್ದರೆ ನಿಮ್ಮ 0.33ಕ್ಕೆ 0.67ರ ವರ್ಗ, ಅಂದರೆ 0.449, ಮಾರುಕಟ್ಟೆಯ 0.408ಕ್ಕೆ 0.350. ಎ ಸೋತರೆ ನಿಮಗೆ 0.109, ಮಾರುಕಟ್ಟೆಗೆ 0.166. ಕಡಿಮೆ ಬಂದವರು ಮೇಲು. ಒಂದು ರೇಸಿನ ಅಂಕದಿಂದ ಏನೂ ತಿಳಿಯುವುದಿಲ್ಲ. ಜೋಡಿಗಳನ್ನೂ ಸೇರಿಸಿ 60ಕ್ಕೂ ಹೆಚ್ಚು ಊಹೆಗಳಾದ ಮೇಲೆ ಸರಾಸರಿ ತೆಗೆಯಿರಿ.

ಪ್ರತಿ ತಪ್ಪಿನ ಮುಂದೆ ಒಂದು ಕಾರಣದ ಕಾಲಂ ಇರಲಿ: ಮಾರ್ಗ, ಗಾಳಿ, ಬಿದ್ದದ್ದು, ಕಾಯಿಲೆ, ತಂಡದ ಯೋಜನೆ. ಬಿದ್ದದ್ದು, ಕಾಯಿಲೆ ಎಂದಿರುವ ಸಾಲುಗಳನ್ನು ನೋಡಿ ಸವಾರನ ಅಂಕಿ ತಿದ್ದಬೇಡಿ; ಆ ಸಾಲುಗಳು ಹೆಚ್ಚಾದರೆ 0.9 ಎಂಬ ಗುಣಕವನ್ನು ತಿದ್ದಿ. ಮಾರ್ಗ ಎಂದಿರುವ ಸಾಲು ಮೂರು ದಾಟಿದರೆ ಹಂತ 2ರ ಸೆಕೆಂಡುಗಳ ಅಂದಾಜನ್ನೇ ಹೊಸದಾಗಿ ಮಾಡಿ. ಮಾರ್ಚ್ ಕೊನೆಯಲ್ಲಿ ಸ್ಪೇನಿನಲ್ಲಿ ನಡೆಯುವ ವೋಲ್ಟಾ ಕಟಲೂನ್ಯಾದಲ್ಲಿ ಬೆಟ್ಟದ ತುದಿಯ ಮುಕ್ತಾಯಗಳು ಹೆಚ್ಚು. ತಿದ್ದಿದ ಅಂದಾಜನ್ನು ಮೊದಲು ಅಲ್ಲಿಗೆ ಹಚ್ಚಿ ನೋಡಿ.